ಹಾರ ಹಾಕಿದ ಫೋಟೋ

ನನ್ನ ತಮ್ಮ ಲಿಂಗರಾಜ ತೆರೆಯ ಮೇಲೆ ಬಂದರೆ ಶಿಳ್ಳೆ ಬೀಳುತ್ತಿತ್ತು. ನಾನು ಬಂದರೆ ಜನ ಕಡಲೆಕಾಯಿ ತರಲು ಎದ್ದು ಹೋಗುತ್ತಿದ್ದರು. ಇಪ್ಪತ್ತೆಂಟು ವರ್ಷ ಪೋಸ್ಟ್‌ಮ್ಯಾನ್, ಪೂಜಾರಿ, ಹುಡುಗಿಯ ಸೋದರಮಾವ, ಎಲ್ಲವೂ ಆದೆ. ಅವನ ಎದುರು ನಿಂತು ಎರಡು ಮಾತಾಡುವ ಪಾತ್ರ ಮಾತ್ರ ಒಮ್ಮೆಯೂ ಸಿಗಲಿಲ್ಲ. ಕೇಳಿದರೆ "ಮುಂದಿನ ಸಿನಿಮಾದಲ್ಲಿ ನೋಡೋಣ ಅಣ್ಣ" ಅನ್ನುತ್ತಿದ್ದ. ಅವಕಾಶ ಪೂರ್ತಿ ನಿಂತಾಗ ಪರಿಚಯದವರ ಕೈಕಾಲು ಹಿಡಿದು ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದೆ. ಪೆನ್‌ರೋಸಿನ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಪಾಪಟೋಟೊಯಿಯ ಒಂದು ಕೋಣೆಯಲ್ಲಿ ಒಬ್ಬನೇ ಉಂಡು ಮಲಗುತ್ತೇನೆ.

೨೦೦೬ರ ಮಾರ್ಚಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬದರಿನಾಥ್ ಬೆಂಗಳೂರಿನಿಂದ ಫೋನ್ ಮಾಡಿದ. "ಸಾರ್, ನಮ್ಮ ಶೂಟಿಂಗ್ ನಿಮ್ಮೂರಲ್ಲೇ. ಹೀರೋ ತಂದೆ ಪಾತ್ರಕ್ಕೆ ನೀವೇ ಬೇಕು ಅಂತ ಲಿಂಗರಾಜ್ ಸಾರ್ ಹಠ ಹಿಡಿದವ್ರೆ. ನಗ್ತಾ ಇರೋ ಫೋಟೋ ಒಂದು ಕಳಿಸ್ಬಿಡಿ."

ತಮ್ಮನಿಗೆ ತಂದೆ! ಇರಲಿ, ಸಿನಿಮಾದಲ್ಲಿ ವಯಸ್ಸು ಕೇಳುವವರು ಯಾರು. ನಿರ್ದೇಶಕರು ಮುಖ ನೋಡಬೇಕೆಂದಿರಬಹುದು ಎಂದುಕೊಂಡು ಕಳಿಸಿದೆ. ಮೂರು ವಾರ ಗೋದಾಮಿನಲ್ಲಿ ಪೆಟ್ಟಿಗೆಗಳ ಎದುರು ನಿಂತು "ಮಗನೇ" ಎಂದು ಬಗೆಬಗೆಯಾಗಿ ಕರೆದು ನೋಡಿದೆ. ಅಷ್ಟು ಸಂತೋಷವಾಗಿ ನಾನು ಈ ದೇಶದಲ್ಲಿ ಇದ್ದದ್ದೇ ಇಲ್ಲ.

ಶೂಟಿಂಗ್ ದಿನ ರಜೆ ಹಾಕಿ ರೆಮ್ಯುವೆರಾದ ಬಾಡಿಗೆ ಮನೆಗೆ ಹೋದೆ. ಗೋಡೆಯ ಮೇಲೆ ನಾನಾಗಲೇ ಇದ್ದೆ. ದೊಡ್ಡ ಕಟ್ಟು, ಹಣೆಗೆ ಕುಂಕುಮ, ಕೊರಳಿಗೆ ಹಾರ. ಬೆಂಗಳೂರಿನಿಂದ ತಂದ ಗಂಧದ ಹಾರವನ್ನು ಮರದ ಸಾಮಾನೆಂದು ಏರ್‌ಪೋರ್ಟಿನಲ್ಲಿ ಬಿಡಲಿಲ್ಲವಂತೆ. ಇಲ್ಲಿನ ಅಂಗಡಿಯಿಂದ ಬಣ್ಣಬಣ್ಣದ ಬಟ್ಟೆಹೂವಿನ ಹಾರ ತಂದು ಹಾಕಿದ್ದರು.

"ನನ್ನ ಡೈಲಾಗ್ ಎಲ್ಲಪ್ಪಾ?" ಎಂದೆ.

ಬದರಿನಾಥ್ ತಲೆ ಕೆರೆದುಕೊಂಡ. "ಸಾರ್, ನೀವು ಸತ್ತೋಗಿದೀರಲ್ಲ ಸಾರ್."

ಲಿಂಗರಾಜ ಫೋಟೋದ ಮುಂದೆ "ಅಪ್ಪಾ" ಎಂದು ಬಿಕ್ಕಿ ಬಿಕ್ಕಿ ಅತ್ತ. ಒಂದೇ ಟೇಕ್. ಕ್ಯಾಮೆರಾದ ಹಿಂದೆ ನಿಂತ ನನಗೂ ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು. ಕಾರು ಹತ್ತುವಾಗ ಲಿಂಗರಾಜ ನನ್ನ ಹೆಗಲು ತಟ್ಟಿದ. "ಬೇರೆಯವರ ಫೋಟೋ ಆಗಿದ್ರೆ ಅಳು ಬರ್ತಿರ್ಲಿಲ್ಲ ಅಣ್ಣ." ಬದುಕಿರುವ ಅಣ್ಣನ ಜೊತೆ ಒಂದು ಲೋಟ ಕಾಫಿ ಕುಡಿಯಲು ಅವನಿಗೆ ಪುರುಸೊತ್ತಿರಲಿಲ್ಲ.

ಫೋಟೋವನ್ನು ನನಗೇ ಕೊಟ್ಟರು. ಹಾರ ಸಮೇತ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತೆ. ನನಗೆ ನಾನೇ ಹೆಗಲು ಕೊಟ್ಟ ಹಾಗಾಯಿತು. ಎದುರಿಗಿದ್ದ ಸಮೋವಾ ದ್ವೀಪದ ಹೆಂಗಸು ಫೋಟೋವನ್ನೂ ನನ್ನನ್ನೂ ನೋಡಿ ಮುಖ ಅರಳಿಸಿದಳು. ಅವರಲ್ಲಿ ಇಂಥ ಹಾರ ಹಾಕುವುದು ಗೆದ್ದು ಬಂದವರಿಗೆ, ಪದವಿ ಪಡೆದವರಿಗೆ.

"ಕಂಗ್ರಾಜುಲೇಷನ್ಸ್ ಅಂಕಲ್! ಯಾವುದಕ್ಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಆ್ಯಕ್ಟಿಂಗಿಗೆ" ಎಂದೆ.

ಅವಳು ಚಪ್ಪಾಳೆ ತಟ್ಟಿದಳು. ಪಕ್ಕದ ಸೀಟಿನವರೂ ತಟ್ಟಿದರು. ನಾನು ಇಳಿಯಬೇಕಾದ ಪಾಪಟೋಟೊಯಿ ಸ್ಟೇಷನ್ ಬಂದು ಹೋಯಿತು. ನಾನು ಏಳಲಿಲ್ಲ.