ಉಪವಾಸದ ಚಹಾ

ಡಾಕ್ಟರನ ಕೊರಳಪಟ್ಟಿ ಹಿಡಿಯಲಿಕ್ಕೇ ನಾನು ಜಳಕೋಟದಿಂದ ಉದಗೀರಕ್ಕೆ ಹೋದದ್ದು. ಜೊತೆಗೆ ಮೈದುನ ವೈಜನಾಥನಿದ್ದ. ನಮ್ಮವರು ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಹೊಸ್ತಿಲು ದಾಟಬೇಡ ಅಂದ ಅತ್ತೆಯ ಬಾಯಿ ಮುಚ್ಚಿಸಿ ಹೊರಟಿದ್ದೆ. ನನ್ನ ಬಾಯಿ ಊರಿಗೆಲ್ಲ ಗೊತ್ತು.

ಈ ಡಾಕ್ಟರನೇ ನಮ್ಮವರ ಮಣಿಕಟ್ಟಿನಿಂದ ಕೂದಲಿನಂಥ ತಂತಿಯನ್ನು ಹೃದಯದವರೆಗೆ ಇಳಿಸಿ, ರಕ್ತನಾಳ ಕಟ್ಟಿಕೊಂಡ ಜಾಗದ ಆಚೆ ಈಚೆ ರಕ್ತದ ಒತ್ತಡ ಅಳೆದಿದ್ದ. ಅಳತೆ ನೂರಕ್ಕೆ ಎಂಬತ್ತರೊಳಗೆ ಬಂದರೆ ಸ್ಟೆಂಟ್ ಹಾಕಬೇಕು, ಮೇಲಿದ್ದರೆ ಗುಳಿಗೆ ಸಾಕು ಎಂದಿದ್ದ. ಎಂಬತ್ನಾಲ್ಕು ಬಂತು. ನಾವು ಪೇಢೆ ಹಂಚಿದೆವು. ಹತ್ತೊಂಬತ್ತನೆಯ ದಿನ ತೊಗರಿ ಹೊಲದ ಬದುವಿನ ಮೇಲೆ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ.

“ನಿಮ್ಮ ತಂತಿ ಸುಳ್ಳ ಹೇಳ್ಯದ. ನನ್ನ ಗಂಡನ್ನ ನುಂಗ್ಯದ,” ಅಂದೆ.

ಡಾಕ್ಟರ್ ಕಾಗದ ತಿರುವಿ ಮೆಲ್ಲಗೆ ಹೇಳಿದ: “ತಂತಿ ಒಂದೇ ಅಳೆಯಂಗಿಲ್ರಿ. ಒಂದು ಔಷಧ ಹಾಕಿ ರಕ್ತ ಜೋರಾಗಿ ಹರಿಸ್ತೀವಿ, ಆಗ ಖರೇ ಅಳತಿ ಸಿಗ್ತದ. ಚಹಾ ಕುಡದಿದ್ರ ಆ ಔಷಧ ಹತ್ತಂಗಿಲ್ಲ, ಕೆಟ್ಟ ನಾಳನೂ ಚಲೋ ಅದ ಅಂತ ತೋರಸ್ತದ. ಅದಕ್ಕೇ ಹಿಂದಿನ ದಿನದಿಂದ ಚಹಾ ಬ್ಯಾಡ ಅಂದಿದ್ವಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು.

ಆ ಪರೀಕ್ಷೆಯ ದಿನ ಬೆಳಗ್ಗೆ ಅವರಿಗೆ ಕಪ್ ತುಂಬ ಕಡಕ್ ಚಹಾ ಕೊಟ್ಟವಳು ನಾನು. ಚಹಾ ಇಲ್ಲದೆ ತಲೆ ಹಿಡಿದುಕೊಂಡು ಕೂತಿದ್ದರು, ನನಗೆ ನೋಡಲಾಗಲಿಲ್ಲ. ಅವರು ಬೇಡವೆಂದರು. ಶ್ರಾವಣ ಸೋಮವಾರ ಅನ್ನ ಮುಟ್ಟದಿದ್ದರೂ ನಾಲ್ಕು ಸಲ ಚಹಾ ಕುಡಿಯುವ ಮನೆ ನಮ್ಮದು. “ಶಿವನೇ ಏನೂ ಅನ್ನಂಗಿಲ್ಲ, ಇವ್ರು ಯಾವ ದೊಡ್ಡ ಮಂದಿ? ಸುಮ್ಮ ಕುಡೀರಿ,” ಎಂದು ಗದರಿಸಿದ್ದೆ.

“ಟೇಬಲ್ ಮ್ಯಾಲ ಮಲಗಿದಾಗ ಚಹಾ ಕುಡದೀರೇನಂತ ನಾನೇ ಎರಡ ಸಲ ಕೇಳೀನ್ರಿ ಕಾಕು,” ಎಂದಳು ಡಾಕ್ಟರನ ಪಕ್ಕದಲ್ಲಿದ್ದ ನರ್ಸ್ ಯೋಗಿತಾ. “ಕಾಕಾ ನಕ್ಕರು. ‘ನಮ್ಮ ಮನ್ಯಾಕಿ ಭಾಳ ಕಡಕ್ ಇದ್ದಾಳವ್ವಾ, ನಿನ್ನಿಯಿಂದ ಒಂದು ಗುಟುಕೂ ಕೊಟ್ಟಿಲ್ಲ’ ಅಂದ್ರು.”

ನಾಲ್ಕು ಜನರ ಮುಂದೆ ಹೆಂಡತಿಯನ್ನು ಯಾರೂ ಬೈಯಬಾರದು ಅಂತ ಆ ಮನುಷ್ಯ ಸುಳ್ಳು ಹೇಳಿದ್ದರು. ಇಪ್ಪತ್ತೆರಡು ವರ್ಷ ನನ್ನ ಬೈಗುಳ ತಿಂದವರು ಅವರು.

ವೈಜನಾಥ ಎದ್ದು ಡಾಕ್ಟರನ ಅಂಗಿಗೆ ಕೈ ಹಾಕಿದ. “ಕೇಳಿದ್ರ್ಯಾ ವೈನಿ? ಅಣ್ಣ ಚಹಾ ಕುಡದೇ ಇಲ್ಲ. ಅಂದ್ರ ತಪ್ಪು ಇವ್ರದೇ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಂದ ಕೆಲಸ ಆಗಿತ್ತು. ಸುಮ್ಮನಿದ್ದರೆ ಸಾಕಿತ್ತು.

“ಬಿಡು ವೈಜು,” ಅಂದೆ. “ನಾನೇ ಕೊಟ್ಟೀನಿ. ಬ್ಯಾಡ ಅಂದ್ರು, ಬೈದು ಕುಡಿಸೀನಿ.”

ಅವನ ಕೈ ಜಾರಿತು. ಅವನು ನನ್ನ ಮುಖ ನೋಡದೆ ಹೊರಗೆ ಹೋದ.

ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ನಡೆದದ್ದೇನೂ ಗೊತ್ತಿಲ್ಲದ ಆಯಾ ರಂಭಾಬಾಯಿ, ಅಳುವವರಿಗೆಲ್ಲ ಕೊಡುವಂತೆ ನನ್ನ ಕೈಗೂ ಒಂದು ಕಪ್ ಚಹಾ ಇಟ್ಟಳು.

“ಕುಡೀರಿ ಅಕ್ಕಾರ,” ಎಂದಳು. “ಚಹಾದಿಂದ ಯಾರಿಗೆ ಏನಾಗ್ತದ?”