ಲೆಕ್ಕಕ್ಕೆ ಒಂದು ಹೆಚ್ಚು

ತಿಂಗಳ ಮೊದಲ ಭಾನುವಾರ ಬೆಳಗ್ಗೆ ಹತ್ತಕ್ಕೆ ಬೇಕರಿಯ ಹಿಂದಿನ ಕೋಣೆಯಲ್ಲಿ ಯುದ್ಧ ಶುರುವಾಗುತ್ತಿತ್ತು. ಬೇಕರಿ, ಹಿಂದೆ ಮಿಲಿಟರಿಯಲ್ಲಿ ಅಡುಗೆ ಮಾಡುತ್ತಿದ್ದವನದು. ಅವನು ಮೈದಾ ಮೂಟೆಯ ಮೇಲೆ ಕೂತು, ಹಿಮ ಬಿದ್ದ ದಿನ ಒಂದೇ ಒಲೆಯಲ್ಲಿ ಮುನ್ನೂರು ಜನಕ್ಕೆ ಬೇಯಿಸಿ ಹಾಕಿದ್ದನ್ನು ಹೇಳುತ್ತಿದ್ದ. ಗುಮಾಸ್ತರು ಚಹಾ ಲೋಟ ಕೆಳಗಿಟ್ಟು, "ನೂರಾ ಹನ್ನೆರಡು," ಅನ್ನುತ್ತಿದ್ದರು.

"ಅಯ್ಯೋ ದೇವ್ರೇ, ಮುನ್ನೂರು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನನ್ನ ಗಂಟು ಹೋಗಲ್ಲ. ನೂರಾ ಹನ್ನೆರಡು."

ಗುಮಾಸ್ತರು ಅದೇ ಪಡೆಯ ಕಚೇರಿಯಲ್ಲಿ ಹನ್ನೊಂದು ವರ್ಷ ಹಾಜರಿ ಪುಸ್ತಕ ಬರೆದವರು. ಬಂದೂಕು ಮುಟ್ಟಿದ್ದು ವರ್ಷಕ್ಕೊಮ್ಮೆ, ಅದೂ ಎಣಿಸುವುದಕ್ಕೆ. ಯಾರಾದರೂ ಒಂದಕ್ಕೆರಡು ಸೇರಿಸಿ ಹೇಳಿದರೆ ಅವರಿಗೆ ಮೈಯೆಲ್ಲ ತುರಿಸುತ್ತಿತ್ತು. "ಅಲ್ಲಿ ಬಾಯಿ ಮುಚ್ಚಿಕೊಂಡು ಕೂತು ಬನ್ನಿ," ಎಂದು ಹೆಂಡತಿ ಪ್ರತಿ ಸಲ ಹೇಳಿ ಕಳಿಸುತ್ತಿದ್ದರು. ಅದೇನು ಆಗುವ ಹೋಗುವ ಮಾತೇ?

ಮೂರನೆಯವನು ಲಾಳದಣ್ಣ. ಪಡೆಯ ಹೇಸರಗತ್ತೆಗಳಿಗೆ ಲಾಳ ಹೊಡೆದು, ಮೇವು ಹಾಕಿ, ಹೊರೆ ಹೊರಿಸಿ ಬೆಟ್ಟ ಹತ್ತಿಸುತ್ತಿದ್ದವನು. ಅವನು ಕಥೆಗಿಥೆ ಹೇಳುತ್ತಿರಲಿಲ್ಲ. ಬಿಸ್ಕತ್ತು ಅದ್ದಿ ತಿಂದು ಎದ್ದುಹೋಗುತ್ತಿದ್ದ. ಈ ಭಾನುವಾರ ಬಿಸ್ಕತ್ತು ಮುಟ್ಟಲಿಲ್ಲ.

"ಮಂಗಳವಾರ ಎದೆ ಕೊಯ್ತಾರೆ," ಎಂದ. "ಖಾಲಿ ಹೊಟ್ಟೇಲಿ ಬಾ ಅಂದಿದಾರೆ ಡಾಕ್ಟ್ರು. ಒಂದು ವಿಷ್ಯ ನಲವತ್ತು ವರ್ಷದಿಂದ ಹೊಟ್ಟೇಲೇ ಇದೆ. ಅದನ್ನೂ ತೆಗೆದುಬಿಡ್ತೀನಿ. ಗುಮಾಸ್ತ್ರೇ, ಮುನ್ನೂರ ಹದಿನಾಲ್ಕು ನೆನಪಿದೆಯಾ?"

ಗುಮಾಸ್ತರು ಚಹಾ ಲೋಟ ದೂರ ಸರಿಸಿದರು. ನೆನಪಿಲ್ಲದೆ ಏನು!

"ಅಕ್ಕ, ಅಕ್ಕ ಅಂತ ಕರೀತಿದ್ಯಲ್ಲ, ಆ ಹೇಸರಗತ್ತೇನಾ?" ಎಂದ ಅಡುಗೆಯವ. "ಬಿಡೋ, ಹಳೇದೆಲ್ಲ ಈಗ್ಯಾಕೆ. ಬಿಸ್ಕತ್ತು ತಗೋ."

ಲಾಳದಣ್ಣ ಬಿಡಲಿಲ್ಲ. "ಬಲಗಣ್ಣಿಗೆ ಪೊರೆ ಬಂದಿತ್ತು ಅದಕ್ಕೆ. ಕೆಲಸಕ್ಕೆ ಬಾರದ ಹತ್ತಕ್ಕೆ ಗುಂಡು ಹಾಕಿ ಅಂತ ಆರ್ಡರ್ ಬಂತು. ಒಂಬತ್ತನ್ನ ಕರ್ಕೊಂಡ್ಹೋದೆ. ಅಕ್ಕನ ಹಗ್ಗ ಬಿಚ್ಚಿ, ಹೊಳೆ ದಾಟಿಸಿ, ಬೆನ್ನಿಗೊಂದು ಬಿಗಿದು, ಹೋಗು, ಬದುಕ್ಕೋ ಅಂದೆ. ಹೋಗ್ಲಿಲ್ಲ ಮುಂಡೇದು. ಕಲ್ಲು ಹೊಡೆದೆ. ಆಮೇಲೆ ಹೋಯ್ತು. ಕಾಲು ಜಾರಿ ಕಣಿವೆಗೆ ಬಿತ್ತು ಅಂತ ಇವರ ಹತ್ರ ಬಂದು ಕಾಗೆ ಹಾರಿಸ್ದೆ."

"ಬರೆದುಕೊಂಡೆ," ಎಂದರು ಗುಮಾಸ್ತರು.

ಲಾಳದಣ್ಣ ಅಡುಗೆಯವನ ಕಡೆ ತಿರುಗಿದ. "ಒಂದು ಪ್ರಶ್ನೆ ಕೇಳ್ಲಿಲ್ಲ ನೋಡು! ಹೆಣ ಎಲ್ಲಿ, ಹಗ್ಗ ಎಲ್ಲಿ, ಏನೂ ಇಲ್ಲ. ಒಂದಂಕಿ ತಪ್ಪಿದ್ರೆ ಪ್ರಾಣ ತಿನ್ನೋ ಮನುಷ್ಯ ಅವತ್ತು ತುಟಿ ಪಿಟಕ್ ಅನ್ನಲಿಲ್ಲ. ಇವರಿಗೆ ಎಲ್ಲಾ ಗೊತ್ತಿದ್ದೂ ನನ್ನ ಅಕ್ಕನ್ನ ಉಳಿಸಿದಾರೆ ಅಂತ ಅವತ್ತೇ ಅಂದ್ಕೊಂಡೆ. ಮಾರನೇ ದಿನವೇ ನನ್ನನ್ನ ಬೇರೆ ಕಡೆ ಹಾಕಿದ್ರು."

ಗುಮಾಸ್ತರು ಪ್ರಶ್ನೆ ಕೇಳದಿದ್ದುದಕ್ಕೆ ಕಾರಣ, ಆ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಸತ್ತ ತಾರೀಖು, ಸತ್ತ ಕಾರಣ, ಸಹಿ. ಮೂರನ್ನೂ ತುಂಬಿ ಊಟಕ್ಕೆ ಹೋಗಿದ್ದರು.

ಅದಾದ ಮೂರನೆಯ ದಿನ ಬೆಳಗ್ಗೆ ಎಣಿಸುವಾಗ ಲಾಯದಲ್ಲಿ ಒಂದು ಹೆಚ್ಚಿತ್ತು. ಎರಡು ಸಲ ಎಣಿಸಿದರು. ಕೊನೆಯ ಗೂಟದ ಹತ್ತಿರ, ಹಗ್ಗವಿಲ್ಲದೆ, ತನ್ನ ಜಾಗದಲ್ಲೇ ನಿಂತಿತ್ತು. ಗೊರಸಿನ ಮೇಲೆ ಸುಟ್ಟ ನಂಬರು ಓದಿಕೊಂಡು ಹೋಗಿ ಸಾಹೇಬರಿಗೆ ಚೀಟಿ ಬರೆದರು: ಸತ್ತ ಪ್ರಾಣಿಯೊಂದು ಹಾಜರಿದೆ, ಲೆಕ್ಕಕ್ಕೆ ಒಂದು ಹೆಚ್ಚು. ಸಂಜೆಯೊಳಗೆ ಲೆಕ್ಕ ಸರಿಹೋಯಿತು. ಗುಂಡಿನ ಸದ್ದು ಕಚೇರಿಗೂ ಕೇಳಿತ್ತು, ಅಡುಗೆಮನೆಗೂ ಕೇಳಿತ್ತು.

ಇದು ಗೊತ್ತಿಲ್ಲದ ಲಾಳದಣ್ಣ ಈಗ ಮೂಟೆ ಹಿಡಿದುಕೊಂಡು ಎದ್ದ. ಹಿಮ್ಮಡಿ ಕೂಡಿಸಿ, ಕೊಯ್ಯಿಸಿಕೊಳ್ಳಬೇಕಾದ ಎದೆ ಸೆಟೆಸಿ, ಗುಮಾಸ್ತರಿಗೆ ಸೆಲ್ಯೂಟ್ ಹೊಡೆದ.

ಗುಮಾಸ್ತರಿಗೆ ಜನ್ಮದಲ್ಲಿ ಯಾರೂ ಸೆಲ್ಯೂಟ್ ಹೊಡೆದಿರಲಿಲ್ಲ. ಹೊಡೆಸಿಕೊಳ್ಳುವ ಆಸೆ ಇತ್ತು, ಹೆಂಡತಿಗೂ ಹೇಳಿರಲಿಲ್ಲ. ಮೇಜಿನ ಕೆಳಗೆ ಅಡುಗೆಯವ ಅವರ ಕಾಲು ತುಳಿದ. ಸುಮ್ಮನಿದ್ದರೆ ಸೆಲ್ಯೂಟ್ ದಕ್ಕುತ್ತಿತ್ತು, ಮಂಗಳವಾರ ಆ ಮನುಷ್ಯ ನೆಮ್ಮದಿಯಿಂದ ಮಲಗುತ್ತಿದ್ದ. ಅಡುಗೆಯವ ಇನ್ನೊಮ್ಮೆ ತುಳಿದ, ಈ ಸಲ ಹಿಮ್ಮಡಿಯಿಂದ. ಗುಮಾಸ್ತರಿಗೆ ನಾಚಿಕೆಯಾಯಿತು, ಭಯವೂ ಆಯಿತು.

"ಕೈ ಇಳಿಸು," ಎಂದರು. "ಮೂರನೇ ದಿನ ವಾಪಸ್ ಬಂತು. ನಾನೇ ಚೀಟಿ ಬರೆದೆ. ಅವತ್ತೇ ಗುಂಡು ಹಾಕಿದ್ರು."

"ಥೂ ನಿಮ್ಮ!" ಎಂದು ಅಡುಗೆಯವ ತಲೆ ಚಚ್ಚಿಕೊಂಡ. ಲಾಳದಣ್ಣನ ಕೈ ಇನ್ನೂ ಹಣೆಯ ಹತ್ತಿರವೇ ಇತ್ತು. ಮುಂದಿನ ಅಂಗಡಿಯಲ್ಲಿ ಯಾರೋ ಬ್ರೆಡ್ಡು ಇವತ್ತಿನದಾ ಎಂದು ಕೇಳುತ್ತಿದ್ದರು.

"ಬಂತಾ," ಎಂದ ಲಾಳದಣ್ಣ. ಕೂತುಕೊಂಡ. "ಎಲ್ಲಿ ನಿಂತಿತ್ತು?"

"ಅದರ ಗೂಟದ ಹತ್ರಾನೇ."

"ಹಸಿದಿತ್ತಾ?"

ಆ ಲಾಯದಲ್ಲಿ ಎಷ್ಟು ಗೂಟ, ಎಷ್ಟು ಬಕೆಟ್ಟು, ದಿನಕ್ಕೆ ಎಷ್ಟು ಹೊರೆ ಮೇವು ಎಂದು ಇವತ್ತಿಗೂ ಕಡ್ಡಿ ಮುರಿದಂತೆ ಹೇಳಬಲ್ಲ ಗುಮಾಸ್ತರು ಬಾಯಿ ತೆರೆದರು.

"ನೋಡಲಿಲ್ಲ," ಎಂದರು. "ನಂಬರು ಮಾತ್ರ ನೋಡಿದೆ."