ಸಚಿವರ ಎಡಹೆಗಲ ಹಿಂದೆ

ಸಚಿವರು ಪತ್ರಿಕಾಗೋಷ್ಠಿಯಲ್ಲಿ ಮಾತನಾಡುವಾಗ ಅವರ ಎಡಹೆಗಲ ಹಿಂದೆ ನಿಂತಿರುತ್ತಿದ್ದ ಹಿರಿಯ ಪತ್ರಿಕಾ ಸಲಹೆಗಾರರ ತುಟಿಗಳೂ ಸದ್ದಿಲ್ಲದೆ ಅಲುಗುತ್ತಿದ್ದವು. ಅದೂ ಸಚಿವರಿಗಿಂತ ಒಂದು ಅಕ್ಷರ ಮುಂಚೆ. ಇದನ್ನು ಕಂಡುಹಿಡಿದ ವರದಿಗಾರರು ಅವರಿಗೆ ‘ಮೂಲಪ್ರತಿ’ ಎಂದು ಅಡ್ಡಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದಾಗ ಅವರು ಮುಖ ಗಂಟಿಕ್ಕಿದಂತೆ ಮಾಡಿದರೂ ಒಳಗೊಳಗೇ ಹಿಗ್ಗಿದ್ದರು.

ಐವತ್ತೆಂಟರ ಪ್ರಾಯ; ಮೊಣಕೈಯಲ್ಲಿ ಸವೆದು ಹೊಳಪೇರಿದ ಕಂದು ಕೋಟು, ಅದರ ಒಳಜೇಬಿನಲ್ಲಿ ಸದಾ ಎರಡು ಕೆಂಪು ಪೆನ್ಸಿಲು; ಖಾಲಿ ಕಾರಿಡಾರಿನಲ್ಲಿಯೂ ಯಾರಿಗೋ ದಾರಿ ಬಿಡುತ್ತಿರುವವರಂತೆ ಗೋಡೆಗೆ ಒತ್ತಿಕೊಂಡು, ಒಂದು ಭುಜ ಮುಂದಾಗಿ ಸಾಗುವ ನಡಿಗೆ. ಇಪ್ಪತ್ತಾರು ವರ್ಷ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದವರು. ಕಿರಿಯರ ವರದಿಯಲ್ಲಿ ‘ವಿಳಂಬವಾಯಿತು’ ಎಂದು ಕಂಡರೆ ಅಂಚಿನಲ್ಲಿ ‘ಯಾರಿಂದ?’ ಎಂದು ಗೀಚಿ ಹಿಂದಿರುಗಿಸುವುದು ಅಲ್ಲಿ ಅವರ ಖ್ಯಾತಿ. ಸಚಿವಾಲಯಕ್ಕೆ ಬಂದ ಮೇಲೆ ಪೆನ್ಸಿಲು ಬದಲಾಗಲಿಲ್ಲ, ಕೆಲಸ ಮಾತ್ರ ತಲೆಕೆಳಗಾಯಿತು: ಯಾರಿಂದ ಎಂಬುದು ಕಾಣದಂತೆ ವಾಕ್ಯವನ್ನು ನಯಗೊಳಿಸುವುದು. ತಕ್ಕ ಪದಕ್ಕಾಗಿ ತಡಕಾಡುತ್ತ ನಡುನಡುವೆ ‘ಹೇಗೆ ಹೇಳೋಣ’ ಎನ್ನುವ ಚಾಳಿ ಬೇರೆ ಅಂಟಿಕೊಂಡಿತ್ತು. “ಟೀ ಸ್ವಲ್ಪ, ಹೇಗೆ ಹೇಳೋಣ, ತಣ್ಣಗಿದೆ” ಎಂದು ಅವರು ರಾಗವೆಳೆದರೆ ಹೆಂಡತಿ, “ತಣ್ಣಗಿದೆ ಅಂತ್ಲೇ ಹೇಳಿ, ಯಾರ ಕುರ್ಚಿಯೂ ಹೋಗಲ್ಲ” ಎನ್ನುತ್ತಿದ್ದರು.

ಒಂದು ಬೇಸಗೆಯಲ್ಲಿ ನಗರದಂಚಿನ ಬಡಾವಣೆಯ ನಲ್ಲಿ ನೀರಿಗೆ ಚರಂಡಿ ನೀರು ಸೇರಿ ನೂರಾರು ಮಂದಿ ಹಾಸಿಗೆ ಹಿಡಿದರು, ನಾಲ್ವರು ತೀರಿಕೊಂಡರು. ನೀರು ಸರಬರಾಜು ಇವರ ಸಚಿವರದೇ ಖಾತೆ. ಸಲಹೆಗಾರರು ಕಡತ ತರಿಸಿ ನೋಡಿದರೆ ಅಲ್ಲಿನ ಪಂಪ್‌ಹೌಸಿನ ನೌಕರನೊಬ್ಬ ಕೊಳವೆ ಒಡೆದಿದೆ ಎಂದು ಮೂರು ಸಲ ಪತ್ರ ಬರೆದಿದ್ದ. ಮೂರನೆಯದರ ಮೇಲೆ ಸಚಿವರ ಕಚೇರಿಯದೇ ಮೊಹರು. ಆ ಸಂಜೆ ಮನೆಯಲ್ಲಿ ಅವರು ನೊಂದುಕೊಂಡೇ ಹೇಳಿದರು: “ಪಾಪ, ಪಂಪಿನವನು ಮೂರು ಸಲ ಬರೆದಿದ್ದಾನೆ. ಯಾರೂ ನೋಡಿಲ್ಲ.”

ಮರುದಿನ ಬೆಳಿಗ್ಗೆ ಸಚಿವರು, “ಈಗ ಏನ್ರೀ ಮಾಡೋದು?” ಎಂದು ಕೇಳಿದರು, ಅಷ್ಟೇ ಕೇಳಿದರು. ಸುಳ್ಳೊಂದು ಬೇಕೆಂದು ಅವರ ಬಾಯಿಂದ ಬಂದಿರಲಿಲ್ಲ. ಆದರೆ ಸಲಹೆಗಾರರ ಕೈ ಆಗಲೇ ಒಳಜೇಬಿಗೆ ಹೋಗಿತ್ತು. “ಕೆಳಹಂತದ ಸಿಬ್ಬಂದಿಯ ನಿರ್ಲಕ್ಷ್ಯ ಅನ್ನೋಣ ಸಾರ್. ಸದ್ಯಕ್ಕೆ, ಹೇಗೆ ಹೇಳೋಣ, ಅಷ್ಟು ಸಾಕು.” ಮಧ್ಯಾಹ್ನದ ಗೋಷ್ಠಿಯಲ್ಲಿ ಆ ವಾಕ್ಯ ಹೊರಬಿತ್ತು. ಕಚೇರಿ ಮುಚ್ಚುವ ಮೊದಲೇ ಪಂಪ್‌ಹೌಸಿನ ನೌಕರ ಅಮಾನತಾದ.

ಸಲಹೆಗಾರರ ಮನೆಯಲ್ಲಿ ಅವರ ಅಕ್ಕ ಇದ್ದಳು. ಎಳವೆಯ ಜ್ವರವೊಂದರಲ್ಲಿ ಕಿವಿ ಕಳೆದುಕೊಂಡು, ಎದುರಿನವರ ತುಟಿ ನೋಡಿ ಮಾತು ತಿಳಿಯಲು ಕಲಿತವಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಂದು ಅವರು ಮನೆಗೆ ಬಂದು ಕೋಟು ಕಳಚುವ ಮೊದಲೇ ಅವಳು ಕೇಳಿದಳು: “ಮೂರು ಸಲ ಬರೆದ ಅಂದ್ಯಲ್ಲ, ಅವನನ್ನೇನಾ ನೀನು ಹಾಗಂದಿದ್ದು?”

“ಹೇಳಿದ್ದು ಮಂತ್ರಿಗಳು, ಅಕ್ಕ.”

“ಮಂತ್ರಿ ಮೀಸೇಲಿ ನಂಗೆ ಒಂದಕ್ಷರ ಕಾಣಲ್ಲ. ಟೀವೀಲಿ ನಾನು ದಿನಾ ನೋಡೋದು ನಿನ್ನ ಬಾಯಿನೇ. ನೀನು ಹೇಳಿದ್ದನ್ನ ನೋಡಿದೆ.”

ಆ ವಾರವೆಲ್ಲ ಊಟದ ಮೇಜಿನಲ್ಲಿ ಅವರು ತಲೆ ತಗ್ಗಿಸಿಯೇ ಕುಳಿತರು. ತಲೆಯೆತ್ತಿದರೆ ಅಕ್ಕನ ಕಣ್ಣು ನೇರ ತುಟಿಯ ಮೇಲೆಯೇ ಬೀಳುತ್ತಿತ್ತು.

ಭಾನುವಾರ ಅವರು ನೌಕರನ ಮನೆ ಹುಡುಕಿಕೊಂಡು ಹೋದರು. ಕ್ಷಮೆ ಕೇಳಬೇಕೆಂದೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಒಂದೇ ಕೋಣೆಯ ಮನೆ. ಒಗೆದ ಬಟ್ಟೆಗಳನ್ನು ಸರಿಸಿ ನೌಕರನ ಹೆಂಡತಿ ಕುರ್ಚಿ ಕೊಟ್ಟಳು. ಬಂದವರು ಮಾಜಿ ಪತ್ರಕರ್ತರೆಂದು ತಿಳಿದದ್ದೇ ತಡ, ಆತ ಕೈಮುಗಿದ.

“ಒಳ್ಳೇ ಸಮಯಕ್ಕೆ ಬಂದ್ರಿ ಸಾರ್. ನನಗೆ ನೆಟ್ಟಗೆ ಬರೆಯೋಕೆ ಬರಲ್ಲ. ಮೂರು ಸಲ ಬರೆದೆ, ಯಾರಿಗೂ ಅರ್ಥ ಆಗ್ಲಿಲ್ಲ. ಒಂದು ಮೇಲ್ಮನವಿ ಬರ್ಕೊಡ್ತೀರಾ?”

ಜೋಡಿಸಿಕೊಂಡ ಮಾತನ್ನು ಬಿಟ್ಟು ಅವರು ಕಾಗದ ಕೇಳಿದರು. ಅವರು ಬರೆದುಕೊಟ್ಟರು. ತಾವೇ ಕಟ್ಟಿದ ವಾಕ್ಯವನ್ನು ಒಂದೊಂದೇ ಇಟ್ಟಿಗೆಯಾಗಿ ಕಳಚುವ ಎರಡು ಪುಟಗಳು. ತಾರೀಖು, ಮೊಹರು, ಪತ್ರ ಯಾರ ಮೇಜಿನಲ್ಲಿ ಎಷ್ಟು ದಿನ ಕೊಳೆಯಿತು, ಎಲ್ಲವೂ. ಓದಿ ಮುಗಿಸಿದ ಆತ ನಿಟ್ಟುಸಿರಿಟ್ಟ: “ಹೀಗೆ ಬರೆದಿದ್ರೆ ನಾಲ್ಕು ಜೀವ ಉಳೀತಿತ್ತೇನೋ ಸಾರ್.”

“ಇಲ್ಲಪ್ಪ. ನೀವು ಬರೆದದ್ದು ಚೆನ್ನಾಗೇ ಅರ್ಥ ಆಗ್ತಿತ್ತು.”

“ನಿಮಗೆ ಹೇಗೆ ಗೊತ್ತು?” ಎಂದಳು ಹೆಂಡತಿ, ಬಾಗಿಲ ಬಳಿಯಿಂದ.

ಹೇಳುವುದಿದ್ದರೆ ಆ ಕ್ಷಣ ಹೇಳಬೇಕಿತ್ತು. “ನೋಡಿದವರು ಹೇಳಿದ್ರು” ಎಂದು ಅವರು ಎದ್ದುನಿಂತರು.

ಮನವಿ ಗೆದ್ದಿತು, ಹತ್ತು ತಿಂಗಳಾದ ಮೇಲೆ ಆತನಿಗೆ ದೂರದ ಪಂಪ್‌ಹೌಸೊಂದರಲ್ಲಿ ಕೆಲಸ ಮರಳಿ ಸಿಕ್ಕಿತು. ಸಚಿವರ ಹೇಳಿಕೆ ಮಾತ್ರ ಹಾಗೆಯೇ ಉಳಿಯಿತು. ಸಲಹೆಗಾರರು ಒಮ್ಮೆ ತಿದ್ದುಪಡಿಯ ಕರಡು ಸಿದ್ಧಪಡಿಸಿ ಮುಂದಿಟ್ಟದ್ದುಂಟು. “ಮುಗಿದದ್ದನ್ನ ಯಾಕ್ರೀ ಕೆದಕ್ತೀರಿ?” ಎಂದರು ಸಚಿವರು. ಕಾಗದವನ್ನು ಮಡಿಸಿಕೊಂಡು ಹೊರಬಂದಾಗ ತಮಗೆ ಆದದ್ದು ದುಃಖವಲ್ಲ, ನಿರಾಳ ಎಂಬುದು ಕಾರಿಡಾರಿನ ತುದಿಯಲ್ಲಿ ಅವರಿಗೆ ಹೊಳೆಯಿತು. ಇಡೀ ಪ್ರಕರಣದಲ್ಲಿ ಅವರನ್ನು ಹೆಚ್ಚು ಕುಗ್ಗಿಸಿದ್ದು ಆ ನಿರಾಳವೇ. ಆದರೂ ಕೆಲಸ ಬಿಡಲಿಲ್ಲ. ಸಚಿವರು ಪದವಿ ಕಳೆದುಕೊಳ್ಳುವವರೆಗೆ, ಇನ್ನೂ ಎರಡು ವರ್ಷ, ಅದೇ ಜಾಗದಲ್ಲಿ ನಿಂತರು.

ಇಂಥವರನ್ನು ದುಷ್ಟರೆನ್ನಲು ಮನಸ್ಸಾಗುವುದಿಲ್ಲ. ಬಹುಮಟ್ಟಿಗೆ ಅವರು ಮೃದುಹೃದಯಿಗಳು, ನಮ್ಮಂತೆಯೇ ಪರರ ಸಂಕಟಕ್ಕೆ ಮರುಗುವವರು. ಆಜ್ಞೆಗೆ ಮಣಿದು ತಪ್ಪಿದವನಿಗೆ ಆಜ್ಞಾಪಿಸಿದವನತ್ತ ಬೆರಳು ತೋರುವ ಸೌಕರ್ಯವಾದರೂ ಇದೆ; ಕೇಳುವ ಮೊದಲೇ ಒದಗಿಸಿಕೊಟ್ಟ ಬುದ್ಧಿವಂತರಿಗೆ ಅದೂ ಇಲ್ಲ. ಅವರನ್ನು ಶಪಿಸಬೇಕಾದವರು ಸಂಗತಿ ತಿಳಿಯದೆ ಅವರಿಗೆ ಕೈಮುಗಿಯುತ್ತಾರೆ. ಆ ನಮಸ್ಕಾರವನ್ನು ಮರಳಿಸುವ ದಾರಿ ಅವರಿಗೆ ಕಡೆಯವರೆಗೂ ಸಿಗುವುದಿಲ್ಲ.